ಇಂದಿನ ಧಮ್ಮ ಚಿಂತನೆ: ಪೆಲೆಗೆ ಹೂವಿಟ್ಟ ಗೌತಮಪುರ

ಡಿಸೆಂಬರ್ ನಮಗೆ ನೆನಪಿನ ತಿಂಗಳು. 6ರಂದು ಬಾಬಾಸಾಹೇಬರ ಮಹಾಪರಿನಿಬ್ಬಾಣ ದಿನ. 25, ಅವರು 1927ರಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟ ದಿನ. ಇನ್ನು ಮೂರು ದಿನ ಕಳೆದರೆ ಜನವರಿ 1, ಭೀಮಾ ಕೋರೆಗಾಂವ್. ಇವುಗಳ ನಡುವೆ ಇವತ್ತು ಡಿಸೆಂಬರ್ 29. 2022ರ ಈ ದಿನ ಬ್ರೆಜಿಲ್ ದೇಶದ ಸಾವೊ ಪಾಲೊ ನಗರದ ಆಸ್ಪತ್ರೆಯಲ್ಲಿ ಫುಟ್‌ಬಾಲ್ ಆಟಗಾರ ಪೆಲೆ ತೀರಿಕೊಂಡರು. ಅವರಿಗೆ 82 ವರ್ಷವಾಗಿತ್ತು. ಸುದ್ದಿ ಬರುವಾಗ ನಮ್ಮಲ್ಲಿ ನಡುರಾತ್ರಿ.

ಧಮ್ಮದ ಓದಿನಲ್ಲಿ ಫುಟ್‌ಬಾಲ್ ಯಾಕೆ ಬಂತು ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ವೃತ್ತದಲ್ಲೇ ಈ ಪ್ರಶ್ನೆ ಬಂದು, ಒಂದು ಸಂಜೆ ಪೂರ್ತಿ ಅದರ ಮೇಲೆಯೇ ಮಾತಾಯಿತು. ಆ ಮಾತನ್ನೇ ಇಂದಿನ ಪಾಠವಾಗಿ ಬರೆಯುತ್ತಿದ್ದೇವೆ.

*1. ಪ್ರಶ್ನೆ ಹುಟ್ಟಿದ್ದು ಹೇಗೆ*

ಮಹದೇವಪುರದ ಕಡೆಯಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಹಲಸೂರು ದೂರವಿಲ್ಲ. ಅಲ್ಲಿ ಗೌತಮಪುರ ಇದೆ. ಹಳಬರು ಈಗಲೂ ಗನ್ ಟ್ರೂಪ್ ಎನ್ನುತ್ತಾರೆ. ಕಂಟೋನ್ಮೆಂಟಿನ ಕಾಲದ ಹೆಸರು. ಈಗಿನ ಹೆಸರಿನಲ್ಲಿ ನಮ್ಮ ಗೌತಮನೇ ಇದ್ದಾನೆ. ಆ ಬಡಾವಣೆಯಲ್ಲಿ ಬುದ್ಧ, ಬಾಬಾಸಾಹೇಬ, ಮದರ್ ತೆರೇಸಾ ಇವರ ಪ್ರತಿಮೆಗಳ ಜೊತೆಗೆ ಪೆಲೆ ಅವರ ಪ್ರತಿಮೆಯೂ ಇದೆ. ವಿಶ್ವಕಪ್ ಬಂತೆಂದರೆ ಗಲ್ಲಿಗಳಿಗೆ ಹಳದಿ-ಹಸಿರು ಬಣ್ಣ, ಬೀದಿಯಲ್ಲಿ ದೊಡ್ಡ ಪರದೆ. ಬೆಂಗಳೂರಿನ ಪುಟ್ಟ ಬ್ರೆಜಿಲ್ ಎಂದೇ ಅದಕ್ಕೆ ಹೆಸರು. ಪೆಲೆ ತೀರಿಕೊಂಡಾಗ ಅಲ್ಲಿಯ ಜನ ಮನೆಯ ಹಿರಿಯರೊಬ್ಬರು ಹೋದಂತೆ ಪ್ರತಿಮೆಯ ಮುಂದೆ ಸೇರಿ ಗೌರವ ಸಲ್ಲಿಸಿದರು.

ಈ ವಿಷಯ ನಮ್ಮ ಸಭೆಯಲ್ಲಿ ಬಂದಾಗ, ಈಚೆಗೆ ದೀಕ್ಷೆ ತೆಗೆದುಕೊಂಡ ಒಬ್ಬ ತಮ್ಮ ಎದ್ದು ಕೇಳಿದ: "ನಾವು 22 ಪ್ರತಿಜ್ಞೆ ಮಾಡಿದವರು. ಮೂರ್ತಿಗೆ ಕೈ ಮುಗಿಯೋದನ್ನ ಬಿಟ್ಟು ಬಂದಿದ್ದೀವಿ. ಈಗ ಬುದ್ಧರ ಪಕ್ಕ, ಬಾಬಾಸಾಹೇಬರ ಪಕ್ಕ ಒಬ್ಬ ಆಟಗಾರನನ್ನ ನಿಲ್ಲಿಸಿ ಹಾರ ಹಾಕಿದರೆ ಅದೂ ಅದೇ ಅಲ್ವಾ?"

ಕೇಳಬೇಕಾದ ಪ್ರಶ್ನೆಯೇ. ಅವನು ಕೇಳಿದ್ದನ್ನು ನಗೆಯಾಡಿ ತಳ್ಳಿಹಾಕುವಂತಿರಲಿಲ್ಲ. ನಮ್ಮ ಅಜ್ಜ-ಅಜ್ಜಿಯರು ಯಾವ ಮೂರ್ತಿಯ ಹತ್ತಿರವೂ ಹೋಗುವಂತಿರಲಿಲ್ಲ. ಆ ನೋವನ್ನು ಹೊತ್ತು ಹೊರಬಂದವರು ಮತ್ತೊಂದು ಮೂರ್ತಿಯ ಮುಂದೆ ಬಾಗುವಾಗ ಎರಡು ಸಲ ಯೋಚಿಸಬೇಕಾದ್ದು ಸರಿಯೇ.

*2. ಆ ಜನ ಪೆಲೆಯಲ್ಲಿ ಕಂಡದ್ದೇನು*

ಮೊದಲು ಆ ಮನುಷ್ಯನನ್ನು ತಿಳಿಯೋಣ. ಹುಟ್ಟಿದ್ದು 1940ರ ಅಕ್ಟೋಬರ್ 23ರಂದು, ಕಪ್ಪು ಜನರ ಬಡ ಮನೆಯಲ್ಲಿ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1888ರಲ್ಲಿ. ಅಂದರೆ ಅವರು ಹುಟ್ಟುವುದಕ್ಕೆ ಬರೀ 52 ವರ್ಷ ಹಿಂದೆ. ಚೆಂಡು ಕೊಳ್ಳಲು ಕಾಸಿಲ್ಲದೆ, ಕಾಲುಚೀಲದಲ್ಲಿ ಹಳೆ ಪೇಪರ್ ತುರುಕಿ ಕಟ್ಟಿ ಆಡಿ ಬೆಳೆದ ಹುಡುಗ.

1950ರ ವಿಶ್ವಕಪ್ ನಡೆದದ್ದು ಬ್ರೆಜಿಲ್‌ನಲ್ಲೇ. ಕೊನೆಯ ಪಂದ್ಯದಲ್ಲಿ ಉರುಗ್ವೆ 2-1ರಿಂದ ಗೆದ್ದಿತು. ಆ ಸೋಲಿನ ಹೊಣೆಯನ್ನು ಕಪ್ಪು ಆಟಗಾರರ ತಲೆಗೆ ಕಟ್ಟಿದರು. ಎಲ್ಲರಿಗಿಂತ ಹೆಚ್ಚು ಅನುಭವಿಸಿದವರು ಗೋಲ್‌ಕೀಪರ್ ಬಾರ್ಬೋಸಾ. 2000ನೇ ಇಸವಿಯಲ್ಲಿ ಸಾಯುವ ತನಕವೂ ಆ ಮನುಷ್ಯನನ್ನು ದೇಶ ಕ್ಷಮಿಸಲಿಲ್ಲ. ಹನ್ನೊಂದು ಜನ ಸೋತರೆ ಅದು ಆಟದ ಸೋಲು. ಕಪ್ಪು ಬಣ್ಣದವನು ತಪ್ಪಿದರೆ ಅದು ಅವನ ಕುಲದ ತಪ್ಪು! ಈ ಲೆಕ್ಕ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಫೀಸಿನಲ್ಲಿ, ಕಾಲೇಜಿನಲ್ಲಿ ನಮ್ಮ ಮಕ್ಕಳು ಇದನ್ನೇ ದಿನವೂ ನೋಡುತ್ತಿದ್ದಾರೆ.

ಎಂಟು ವರ್ಷದ ನಂತರ, 1958ರಲ್ಲಿ ಸ್ವೀಡನ್‌ನಲ್ಲಿ, 17 ವರ್ಷದ ಪೆಲೆ ಫೈನಲ್‌ನಲ್ಲಿ ಎರಡು ಗೋಲು ಹೊಡೆದರು. ಬ್ರೆಜಿಲ್ 5-2ರಿಂದ ಗೆದ್ದು ಮೊದಲ ಸಲ ಕಪ್ ಎತ್ತಿತು. ಮತ್ತೆ 1962, 1970. ಮೂರು ವಿಶ್ವಕಪ್ ಗೆದ್ದ ಆಟಗಾರ ಇವತ್ತಿಗೂ ಅವರೊಬ್ಬರೇ. 1995ರಲ್ಲಿ ಕ್ರೀಡಾ ಮಂತ್ರಿಯಾದರು. ಕರಾರು ಮುಗಿದ ಮೇಲೂ ಆಟಗಾರನನ್ನು ಕ್ಲಬ್ ತನ್ನ ಆಸ್ತಿಯಂತೆ ಹಿಡಿದಿಟ್ಟುಕೊಳ್ಳುತ್ತಿದ್ದ ಪದ್ಧತಿಗೆ ಕೊನೆ ಹಾಡಿದ 1998ರ ಕಾನೂನು ಪೆಲೆ ಕಾನೂನು ಎಂದೇ ಹೆಸರಾಗಿದೆ.

ಇಷ್ಟು ಹೇಳಿ ಇನ್ನೊಂದು ಬದಿ ಹೇಳದಿದ್ದರೆ ಅದು ಸಮ್ಯಕ್ ವಾಚೆ ಆಗುವುದಿಲ್ಲ. ಬ್ರೆಜಿಲ್‌ನಲ್ಲಿ 1964ರಿಂದ 1985ರವರೆಗೆ ಮಿಲಿಟರಿ ಆಡಳಿತ ಇತ್ತು. ಆ ದಬ್ಬಾಳಿಕೆಯ ವಿರುದ್ಧ ಪೆಲೆ ಬಾಯಿ ಬಿಡಲಿಲ್ಲ ಎಂಬ ಆಕ್ಷೇಪ ಅವರ ದೇಶದ ಕಪ್ಪು ಜನರಿಂದಲೂ ಬಂದಿದೆ. ತನ್ನ ಒಬ್ಬ ಮಗಳನ್ನು ಮಗಳೆಂದು ಒಪ್ಪಲು ತಯಾರಿರಲಿಲ್ಲ, ಕೋರ್ಟು ಹೇಳಬೇಕಾಯಿತು. ಪೆಲೆ ಬೋಧಿಸತ್ವರಲ್ಲ. ಕಾಲಿನಲ್ಲಿ ಅಪರೂಪದ ಕಲೆ ಇದ್ದ, ಬದುಕಿನಲ್ಲಿ ತಪ್ಪುಗಳಿದ್ದ ಮನುಷ್ಯ.

*3. ಬಾಬಾಸಾಹೇಬರು ಹೇಳಿದ ವ್ಯತ್ಯಾಸ*

ಹಾಗಾದರೆ ಗೌರವ ಕೊಡಬಹುದೋ ಬೇಡವೋ? ಇದಕ್ಕೆ ಬಾಬಾಸಾಹೇಬರು 1943ರ ಜನವರಿ 18ರಂದು ಪುಣೆಯಲ್ಲಿ, ರಾನಡೆ ಅವರ ಜನ್ಮದಿನದ ಭಾಷಣದಲ್ಲಿ ದಾರಿ ತೋರಿಸಿದ್ದಾರೆ. ದೊಡ್ಡವರನ್ನು ಮೆಚ್ಚುವುದರಲ್ಲಿ ಎರಡು ಬಗೆ ಇದೆ ಎನ್ನುತ್ತಾರೆ ಅವರು. ಒಂದು, ಒಬ್ಬರಲ್ಲಿರುವ ದೊಡ್ಡ ಗುಣವನ್ನು ಮನಸಾರೆ ಗೌರವಿಸುವುದು. ಇನ್ನೊಂದು, ನಮ್ಮ ಬುದ್ಧಿಯನ್ನೇ ಅವರ ಕಾಲ ಬಳಿ ಇಟ್ಟು ಅವರು ಹೇಳಿದಂತೆ ನಡೆಯುವುದು. ಮೊದಲನೆಯದರಲ್ಲಿ ನಮಗೆ ನಷ್ಟವಿಲ್ಲ. ಎರಡನೆಯದು ಮನುಷ್ಯನನ್ನು ಕುಬ್ಜ ಮಾಡುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ರಾಜಕೀಯದ ಭಕ್ತಿಯ ಬಗ್ಗೆ ಕೊಟ್ಟ ಎಚ್ಚರಿಕೆಯೂ ಇದರ ಮುಂದುವರಿಕೆಯೇ.

ಇದನ್ನು ಬಾಬಾಸಾಹೇಬರು ಸ್ವಂತ ಬದುಕಿನಲ್ಲೂ ನಡೆಸಿದರು. ನಮ್ಮ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಅವರನ್ನು ನೆನೆಯಿರಿ. ಚಮ್ಮಾರ ಜಾತಿಯ ಎಡಗೈ ಸ್ಪಿನ್ ಬೌಲರ್. ಮೈದಾನದಲ್ಲಿ ಅವರ ಕೈಯಿಂದ ಚೆಂಡು ಬೇಕು. ವಿರಾಮದಲ್ಲಿ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ ಟೀ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮೀರಿ ವಿಕೆಟ್ ತೆಗೆದರು. ಯುವಕ ಅಂಬೇಡ್ಕರರಿಗೆ ಬಾಲೂ ಮೇಲೆ ಅಪಾರ ಗೌರವ. ಆದರೆ ಪೂನಾ ಒಪ್ಪಂದದ ಹೊತ್ತಿಗೆ ಇಬ್ಬರ ದಾರಿ ಬೇರೆಯಾಯಿತು. 1937ರ ಮುಂಬೈ ಚುನಾವಣೆಯಲ್ಲಿ ಬಾಲೂ ಕಾಂಗ್ರೆಸ್ ಅಭ್ಯರ್ಥಿಯಾಗಿ ಬಾಬಾಸಾಹೇಬರ ಎದುರೇ ನಿಂತು ಸೋತರು. ಆಟಗಾರನ ಕೈಚಳಕಕ್ಕೆ ಗೌರವ ಕೊಟ್ಟವರು ಅವನ ರಾಜಕೀಯಕ್ಕೆ ತಲೆಬಾಗಬೇಕಾಗಿರಲಿಲ್ಲ.

ಹೀಗೆ ನೋಡಿದರೆ ಪೆಲೆ ಪ್ರತಿಮೆಗೆ ಒಂದು ಹೂವಿಟ್ಟರೆ ಪ್ರತಿಜ್ಞೆ ಮುರಿಯುವುದಿಲ್ಲ. ವರ ಕೇಳಿ ಕೈ ಮುಗಿದರೆ ಮುರಿಯುತ್ತದೆ. ತಪ್ಪನ್ನು ಮುಚ್ಚಿಟ್ಟು ಹೊಗಳಿದರೂ ಮುರಿಯುತ್ತದೆ.

*4. ಸಾರಿಪುತ್ತರು ಹೋದಾಗ*

ಇನ್ನು ದುಃಖದ ವಿಷಯ. ಪ್ರೀತಿಯವರು ಹೋದಾಗ ಅಳುವುದು ದೌರ್ಬಲ್ಯವೇ?

ಬುದ್ಧರ ಮುಖ್ಯ ಶಿಷ್ಯ ಸಾರಿಪುತ್ತರು ಮಗಧದ ತಮ್ಮ ಹುಟ್ಟೂರಿನಲ್ಲಿ ಕಾಯಿಲೆಯಿಂದ ತೀರಿಕೊಂಡರು. ಚುಂದ ಎಂಬ ಕಿರಿಯ ಅವರ ಭಿಕ್ಷಾಪಾತ್ರೆ ಮತ್ತು ಚೀವರವನ್ನು ಹೊತ್ತು ಶ್ರಾವಸ್ತಿಯ ಜೇತವನಕ್ಕೆ ಬಂದ. ಯಜಮಾನನಿಲ್ಲದ ಪಾತ್ರೆ ಮಾತ್ರ ಮನೆಗೆ ಬರುವುದು ಎಂಥ ನೋಟ ಎಂದು ನಮಗೆ ಗೊತ್ತು. ಆಸ್ಪತ್ರೆಯಿಂದ ಅಪ್ಪನ ಚಪ್ಪಲಿ, ಊಟದ ಡಬ್ಬಿ ಮಾತ್ರ ವಾಪಸು ತಂದ ಮನೆಗಳು ನಮ್ಮಲ್ಲೂ ಇವೆ. ಆನಂದರು ಕುಸಿದುಹೋದರು. ದಿಕ್ಕೇ ತೋಚುತ್ತಿಲ್ಲ ಎಂದು ಬುದ್ಧರ ಮುಂದೆ ಹೇಳಿಕೊಂಡರು.

ಬುದ್ಧರು ಅವರನ್ನು ಗದರಲಿಲ್ಲ. ಒಂದು ಪ್ರಶ್ನೆ ಕೇಳಿದರು. ಸಾರಿಪುತ್ತ ಹೋಗುವಾಗ ನಿನ್ನ ಸೀಲವನ್ನು ತೆಗೆದುಕೊಂಡು ಹೋದನೇ? ನಿನ್ನ ಸಮಾಧಿಯನ್ನು? ನಿನ್ನ ಪ್ರಜ್ಞೆಯನ್ನು? ಇಲ್ಲ, ಆದರೆ ಅವರು ನಮಗೆ ಹೇಳಿಕೊಡುತ್ತಿದ್ದರು, ಹುರಿದುಂಬಿಸುತ್ತಿದ್ದರು, ಅದು ನೆನಪಾಗುತ್ತದೆ ಎಂದರು ಆನಂದರು. ಪ್ರಿಯವಾದದ್ದೆಲ್ಲ ಅಗಲಲೇಬೇಕು, ಇನ್ನು ನಿನಗೆ ನೀನೇ ಆಸರೆಯಾಗು, ಧಮ್ಮವನ್ನು ಆಸರೆ ಮಾಡಿಕೊ ಎಂದು ಬುದ್ಧರು ತಿಳಿಹೇಳಿದರು. ಇನ್ನೊಂದು ಸಂದರ್ಭದಲ್ಲಿ, ಸಾರಿಪುತ್ತ, ಮೊಗ್ಗಲ್ಲಾನ ಇಬ್ಬರೂ ಇಲ್ಲದ ಸಭೆ ತಮಗೆ ಖಾಲಿಯಾದಂತೆ ಕಾಣುತ್ತದೆ ಎಂದು ಬುದ್ಧರೇ ಹೇಳಿದ್ದುಂಟು. ಖಾಲಿಯಾದ ಜಾಗವನ್ನು ಖಾಲಿ ಎಂದು ಒಪ್ಪಿಕೊಳ್ಳಬಹುದು. ಹೋದವರು ಹೇಳಿಕೊಟ್ಟದ್ದು ಹೋಗಿಲ್ಲ ಎನ್ನುವುದನ್ನೂ ಅದರ ಜೊತೆಗೇ ನೆನಪಿಟ್ಟುಕೊಳ್ಳಬೇಕು.

ಕುಸಿನಾರದಲ್ಲಿ ಬುದ್ಧರ ಕೊನೆಯ ದಿನ ಸಾಲಮರಗಳು ಅಕಾಲದಲ್ಲಿ ಹೂವು ಸುರಿಸಿದವಂತೆ. ಆಗಲೂ ಅವರು ಹೇಳಿದ್ದು ಇದನ್ನೇ: ಹೂವು ದೊಡ್ಡ ಗೌರವವಲ್ಲ, ಧಮ್ಮದಂತೆ ನಡೆಯುವವನೇ ನನ್ನನ್ನು ನಿಜವಾಗಿ ಗೌರವಿಸುವವನು. ಪಾಲಿಯಲ್ಲಿ ವಸ್ತು ಅರ್ಪಿಸುವುದಕ್ಕೆ ಆಮಿಸ ಪೂಜೆ ಎಂದೂ, ಆಚರಣೆಯಿಂದ ಗೌರವಿಸುವುದಕ್ಕೆ ಪಟಿಪತ್ತಿ ಪೂಜೆ ಎಂದೂ ಹೆಸರು. ಬುದ್ಧರು ಮಾರ್ಗದಾತ, ಮೋಕ್ಷದಾತ ಅಲ್ಲ ಎಂದು ಬಾಬಾಸಾಹೇಬರು ಒತ್ತಿ ಹೇಳಿದ್ದೂ ಇದೇ ಕಾರಣಕ್ಕೆ. ದಾರಿ ತೋರಿಸಿದವರಿಗೆ ಸಲ್ಲುವ ಗೌರವ ಎಂದರೆ ಆ ದಾರಿಯಲ್ಲಿ ನಡೆಯುವುದು.

*5. ಮಾಸ್ಟರ್ ಹೋದ ಮೇಲೆ*

ಇಷ್ಟು ಮಾತಾದ ಮೇಲೆ, ಹಿಂದೆ ಕೂತಿದ್ದ ಒಬ್ಬ ಹಿರಿಯರು ಮಾತಾಡಿದರು. ಹಲಸೂರಿನಲ್ಲಿ ಹುಟ್ಟಿ, ಫುಟ್‌ಬಾಲ್ ಆಡಿಯೇ ಕಾರ್ಖಾನೆ ಕೆಲಸ ಪಡೆದು, ಈಗ ನಿವೃತ್ತರಾಗಿ ಮಹದೇವಪುರದಲ್ಲಿ ಮಗನ ಮನೆಯಲ್ಲಿದ್ದಾರೆ. ಒಂದು ಕಾಲದಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳಿಗೆ ಸ್ವಂತ ತಂಡಗಳಿದ್ದವು. ಚೆನ್ನಾಗಿ ಆಡುವ ಬಡ ಹುಡುಗನಿಗೆ ಕಾಯಂ ಸಂಬಳದ ಬಾಗಿಲು ಅದೇ.

ಅವರು ಹೇಳಿದ್ದನ್ನು ಆದಷ್ಟು ಅವರ ಮಾತಲ್ಲೇ ಕೊಡುತ್ತೇವೆ:

"1977ರಲ್ಲಿ ಪೆಲೆ ಕಲ್ಕತ್ತಾಗೆ ಬಂದು ಮೋಹನ್ ಬಗಾನ್ ಮೇಲೆ ಆಡಿದರು. ಎರಡು-ಎರಡು, ಡ್ರಾ. ನಮ್ಮ ಹತ್ತಿರ ರೈಲಿಗೆ ದುಡ್ಡೆಲ್ಲಿ? ಪೇಪರಲ್ಲಿ ಬಂದ ಫೋಟೊ ಕತ್ತರಿಸಿ ಗೋಡೆಗೆ ಗಂಜಿ ಹಚ್ಚಿ ಅಂಟಿಸಿದ್ವಿ. ಆದರೆ ನನಗೆ ಆಟ ಕಲಿಸಿದ್ದು ಪೆಲೆ ಅಲ್ಲ, ನಮ್ಮ ಮಾಸ್ಟರ್. ಬರಿಗಾಲಲ್ಲಿ ಆಡಿ ಬೆಳೆದವರು. ದಿನಾ ಬೆಳಿಗ್ಗೆ ಐದೂವರೆಗೆ ಗ್ರೌಂಡಲ್ಲಿ ನಿಂತಿರೋರು. ಒಂದು ರೂಪಾಯಿ ಫೀಸ್ ಇಲ್ಲ. ಯಾರ ಮನೇಲಿ ತಿಂಡಿ ಆಗಿಲ್ಲ ಅಂತ ಮುಖ ನೋಡಿದರೆ ಗೊತ್ತಾಗೋದು ಅವರಿಗೆ. ಬನ್ನು ತಂದಿರೋರು.

"ಅವರು ಹೋದಾಗ ನಾವೆಲ್ಲ ಅತ್ತಿದ್ದೇ ಅತ್ತಿದ್ದು. ದೊಡ್ಡ ಫ್ಲೆಕ್ಸ್ ಕಟ್ಟಿದ್ವಿ. ತಮಟೆ ಹೊಡೆಸಿದ್ವಿ. ಅವರ ಹೆಸರಲ್ಲಿ ಒಂದು ಟೂರ್ನಮೆಂಟ್ ಮಾಡಿದ್ವಿ. ಮಾರನೇ ವರ್ಷ ಬ್ಯಾನರಲ್ಲಿ ಯಾರ ಫೋಟೊ ಮೇಲೆ ಬರಬೇಕು ಅಂತ ಜಗಳ ಬಂತು, ಅದೂ ನಿಂತಿತು. ಬೆಳಗಿನ ಪ್ರಾಕ್ಟೀಸ್? ಅವರು ಹೋಗಿ ಮೂರು ತಿಂಗಳಿಗೇ ನಿಂತಿತ್ತು. ಫ್ಲೆಕ್ಸ್ ಬಣ್ಣ ಇನ್ನೂ ಮಾಸಿರಲಿಲ್ಲ. ಆಮೇಲೆ ಆ ಗ್ರೌಂಡಿಗೆ ಬೆಳಿಗ್ಗೆ ಹೋದರೆ ಹುಡುಗರು ಇರ್ತಿರಲಿಲ್ಲ, ರಾತ್ರಿಯ ಬಾಟಲಿ ಇರ್ತಿದ್ವು. ಅವರಲ್ಲಿ ನನ್ನ ಅಣ್ಣನ ಮಗನೂ ಒಬ್ಬ. ಅವನೀಗ ಇಲ್ಲ. ನಾನು ವರ್ಷಾವರ್ಷ ಮಾಸ್ಟರ್ ಫೋಟೊಗೆ ಹಾರ ಹಾಕ್ತಾನೇ ಇದ್ದೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವರೇ ಮುಂದುವರಿಸಿದರು:

"ಈಗ ಭಾನುವಾರ ನಮ್ಮ ಬೀದಿ ಪಕ್ಕದ ಖಾಲಿ ಸೈಟಲ್ಲಿ ಮಕ್ಕಳಿಗೆ ಚೆಂಡು ಹಿಡಿಸ್ತೀನಿ. 14 ಮಕ್ಕಳು ಬರ್ತಾರೆ, ಐದು ಹೆಣ್ಣುಮಕ್ಕಳು. ಮುಂಚೆನೇ ಶುರು ಮಾಡಬೇಕಿತ್ತು. ನನಗೆ 68, ಮಂಡಿ ನೋವು. ಹೋದ ಭಾನುವಾರ ಏಳೋಕೇ ಆಗಲಿಲ್ಲ. ಎಂಟು ಗಂಟೆವರೆಗೂ ಆ ಮಕ್ಕಳು ನಮ್ಮ ಗೇಟ್ ಮುಂದೆ ಕೂತಿದ್ವಂತೆ. ನಾಳೆ ನಾನು ಹೋದರೆ ನೀವೂ ಒಂದು ಫ್ಲೆಕ್ಸ್ ಕಟ್ತೀರಾ?"

ಮೊದಲು ಪ್ರಶ್ನೆ ಕೇಳಿದ್ದ ಆ ತಮ್ಮನೇ ಎದ್ದು ನಿಂತ. "ಭಾನುವಾರ ನಾನು ಬರ್ತೀನಿ ಅಂಕಲ್. ಆದರೆ ನನಗೆ ಫುಟ್‌ಬಾಲ್ ಬರಲ್ಲ."

"ಬೆಳಿಗ್ಗೆ ಏಳೋಕೆ ಬರುತ್ತಾ ಮಗಾ? ಸದ್ಯಕ್ಕೆ ಅಷ್ಟು ಸಾಕು," ಎಂದರು ಹಿರಿಯರು. ಎಲ್ಲರೂ ನಕ್ಕೆವು.

ಇನ್ನೊಂದು ಲೆಕ್ಕ ನೋಡಿ. ನಮ್ಮ ರಾಜ್ಯ ಮೈಸೂರು ಎಂದಿದ್ದಾಗ 1968-69ರಲ್ಲಿ ಫುಟ್‌ಬಾಲ್‌ನ ಸಂತೋಷ್ ಟ್ರೋಫಿ ಗೆದ್ದಿತ್ತು. ಕರ್ನಾಟಕ ಮತ್ತೆ ಗೆದ್ದದ್ದು 54 ವರ್ಷದ ನಂತರ, ಪೆಲೆ ತೀರಿಕೊಂಡ ಎರಡು ತಿಂಗಳಿಗೆ, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಆ 54 ವರ್ಷವೂ ರಾಜ್ಯದ ಯಾವುದೋ ಮೂಲೆಯಲ್ಲಿ ಹೆಸರಿಲ್ಲದ ಮಾಸ್ಟರ್‌ಗಳು ಬೆಳಿಗ್ಗೆ ಎದ್ದು ಗ್ರೌಂಡಿಗೆ ಹೋಗಿರದಿದ್ದರೆ ಆ ದಿನ ಬರುತ್ತಿರಲಿಲ್ಲ.

*6. ನಮಗೇ ಕೇಳಿಕೊಳ್ಳಬೇಕಾದದ್ದು*

ಈ ಡಿಸೆಂಬರ್ 6ರಂದು ನಾವೆಲ್ಲ ಮೇಣದಬತ್ತಿ ಹಚ್ಚಿದೆವು. ಬಿಳಿ ಬಟ್ಟೆ ಹಾಕಿದೆವು. ಸ್ಟೇಟಸ್ ಇಟ್ಟೆವು. ಇದಾವುದೂ ತಪ್ಪಲ್ಲ. 7ನೇ ತಾರೀಕು ಬೆಳಿಗ್ಗೆ ಬಾಬಾಸಾಹೇಬರ ಒಂದು ಪುಟ ಓದಿದವರು ಎಷ್ಟು ಜನ? ಪಕ್ಕದ ಮನೆಯ ಮಗುವಿಗೆ ಗಣಿತ ಹೇಳಿಕೊಟ್ಟವರು ಎಷ್ಟು? ಈ ಪ್ರಶ್ನೆ ಬರೆಯುತ್ತಿರುವ ನಮಗೂ ಸೇರಿದ್ದೇ.

ಪೆಲೆ ಅವರ ದೇಹವನ್ನು 2023ರ ಜನವರಿ 2ರಂದು ಸಾಂಟೋಸ್ ಕ್ಲಬ್ಬಿನ ಮೈದಾನದ ನಡುವೆ ಇಟ್ಟಿದ್ದರು. ಇಡೀ ದಿನ, ಇಡೀ ರಾತ್ರಿ ಜನ ಸಾಲಿನಲ್ಲಿ ಬಂದು ನೋಡಿದರು. ಮಾರನೇ ದಿನ ಮೆರವಣಿಗೆ ಅವರ ತಾಯಿಯ ಮನೆಯ ಮುಂದೆ ಹಾದುಹೋಯಿತು. ಆ ತಾಯಿಗೆ ಆಗ 100 ವರ್ಷ. ಕಿಸಾಗೋತಮಿ ಸಾಸಿವೆ ಕೇಳಿ ಅಲೆದದ್ದು ನೆನಪಾಗುತ್ತದೆ. ಸಾವು ಕಾಣದ ಮನೆ ಲೋಕಪ್ರಸಿದ್ಧರಲ್ಲೂ ಇಲ್ಲ, ನಮ್ಮ ಗಲ್ಲಿಯಲ್ಲೂ ಇಲ್ಲ. ಇರುವ ಎಲ್ಲರೂ ಹೋಗುವವರೇ. ಹೋದವರು ಕಲಿಸಿದ್ದನ್ನು ಉಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.

*ಇಂದಿನ ಅಭ್ಯಾಸ* 🪷

▪️ ಐದು ನಿಮಿಷ ಸುಮ್ಮನೆ ಕುಳಿತು ಉಸಿರನ್ನು ಗಮನಿಸಿ. ನಿಮಗೆ ಏನನ್ನಾದರೂ ಕಲಿಸಿ ತೀರಿಕೊಂಡ ಒಬ್ಬರನ್ನು ನೆನೆಯಿರಿ. ಅಪ್ಪ, ಅಮ್ಮ, ಟೀಚರ್, ಗಾರೆ ಕೆಲಸ ಕಲಿಸಿದ ಮೇಸ್ತ್ರಿ, ಯಾರಾದರೂ ಆಗಲಿ. ಅಳು ಬಂದರೆ ಬರಲಿ, ತಡೆಯಬೇಡಿ.

▪️ ಅವರು ಕಲಿಸಿದ್ದರಲ್ಲಿ ಯಾವುದು ನನ್ನಲ್ಲಿ ನಿಂತುಹೋಗಿದೆ ಎಂದು ಕೇಳಿಕೊಳ್ಳಿ.

▪️ ಅದನ್ನು ಈ ವಾರ ಒಂದು ಸಲ ಮಾಡಿ. ಒಬ್ಬ ಕಿರಿಯರಿಗೆ ತೋರಿಸಿಕೊಡಿ.

*ಭಾನುವಾರದ ಚರ್ಚೆಗೆ*

1. ಗೌರವ ಯಾವ ಹಂತದಲ್ಲಿ ಭಕ್ತಿಯಾಗುತ್ತದೆ? ನಿಮ್ಮ ಮನೆಯಿಂದ ಒಂದು ಉದಾಹರಣೆ ತನ್ನಿ.
2. ನಾವು ಮೆಚ್ಚುವ ದೊಡ್ಡವರ ತಪ್ಪುಗಳನ್ನು ಮಕ್ಕಳಿಗೆ ಹೇಗೆ ಹೇಳಬೇಕು?
3. ನಮ್ಮ ವೃತ್ತದಲ್ಲಿ ಒಬ್ಬರ ಮೇಲೆಯೇ ನಿಂತಿರುವ ಕೆಲಸ ಯಾವುದು? ಅವರ ಜೊತೆ ಕೈಜೋಡಿಸುವ ಎರಡನೆಯವರು ಯಾರು?

ಚರ್ಚೆ ಎಂದಿನಂತೆ ಸಂಜೆ. ಬೆಳಿಗ್ಗೆ ಆರೂವರೆಗೆ ಖಾಲಿ ಸೈಟಿನಲ್ಲಿ ಮಕ್ಕಳ ಆಟ. ಆಟ ಬರದವರೂ ಬರಬಹುದು. ಬರುವಾಗ ಬನ್ನು ತಂದರೆ ಒಳ್ಳೆಯದು.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ 🙏 ಜೈ ಭೀಮ್

_ಓದಿದ ಮೇಲೆ ಒಬ್ಬರಿಗಾದರೂ ಕಳುಹಿಸಿ._